ಬಾಗಿಲನ್ನು ಕೊನೆಗೆ ಮುಟ್ಟಿದವರು

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡುವವರಿಗೆ ಬರವಿಲ್ಲ. ಬರ ಇರುವುದು ರಿಪೇರಿಯಾದ ವಸ್ತುಗಳಿಗೆ. ನನ್ನ ಗಂಡ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮನೆಗೆ ಬಂದ ಮೇಲೂ ಮೇಷ್ಟ್ರೇ. ಮಿಕ್ಸಿ ನಿಂತರೆ ಮೊದಲು ಘರ್ಷಣೆಯ ಮೇಲೆ ಪಾಠ ಮಾಡುತ್ತಾರೆ, ಆಮೇಲೆ ಮಿಕ್ಸಿ ಬಿಚ್ಚುತ್ತಾರೆ, ಆಮೇಲೆ ನಾವು ಹೊಸ ಮಿಕ್ಸಿ ಕೊಳ್ಳುತ್ತೇವೆ. ಗ್ಯಾರೇಜಿನ ಗೋಡೆಯ ಮೇಲೆ ಬಾಗಿಲು ತೆಗೆಯುವ ಗುಂಡಿಯೊಂದಿತ್ತು. ಹೋದ ವರ್ಷ ಅದನ್ನೂ ರಿಪೇರಿ ಮಾಡಿದರು. ಅಂದಿನಿಂದ ನಾವು ರಿಮೋಟ್ ಒಂದನ್ನೇ ನಂಬಿಕೊಂಡು ಬದುಕುತ್ತಿದ್ದೇವೆ.

ಆ ಬೆಳಿಗ್ಗೆ ರಿಮೋಟೂ ಕೈಕೊಟ್ಟಿತು.

ಬೇರೆ ದಿನವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ಹತ್ತು ಗಂಟೆಗೆ ನನ್ನ ಡ್ರೈವಿಂಗ್ ಪರೀಕ್ಷೆ. ಪರೀಕ್ಷೆಗೆ ಕಾರನ್ನು ನಾವೇ ತರಬೇಕು ಎಂಬುದು ಆ ಆಫೀಸಿನ ನಿಯಮ, ಕಾರು ಗ್ಯಾರೇಜಿನೊಳಗೆ, ಗ್ಯಾರೇಜಿನ ಬಾಗಿಲು ಮುಚ್ಚಿದ ಬಾಯಿ ತೆರೆಯಲೊಲ್ಲದು. ನಾನು ಕ್ಲಿನಿಕ್ಕಿನ ನರ್ಸ್. ವರ್ಷಗಟ್ಟಲೆಯಿಂದ ಕಿಟಕಿಯೇ ಇಲ್ಲದ ಡ್ರೆಸ್ಸಿಂಗ್ ಕೋಣೆಯಲ್ಲಿ ಜನರ ಗಾಯ ಕಟ್ಟುತ್ತಿದ್ದೇನೆ. ಈಗ ಹಾಸಿಗೆ ಹಿಡಿದ ರೋಗಿಗಳನ್ನು ಅವರವರ ಮನೆಗೇ ಹೋಗಿ ನೋಡಿಕೊಂಡು ಬರುವ ನರ್ಸಿನ ಕೆಲಸ ಖಾಲಿಯಾಗಿತ್ತು. ದೊಡ್ಡ ಡಾಕ್ಟರಮ್ಮ ನನ್ನನ್ನು ಕರೆದು, "ಕೆಲಸ ನಿಮ್ದೇ. ಆದ್ರೆ ಈ ವಾರದೊಳಗೆ ಲೈಸೆನ್ಸ್ ತೋರ್ಸಿ. ಇಲ್ದಿದ್ರೆ ಹೊಸ ಹುಡುಗಿಗೆ ಕೊಡ್ಬೇಕಾಗುತ್ತೆ" ಎಂದಿದ್ದರು. ಮುಂದಿನ ಪರೀಕ್ಷೆ ಇನ್ನೆರಡು ತಿಂಗಳಿಗೆ. ಅಂದರೆ ಅವತ್ತು ಕಾರು ಹೊರಗೆ ಬರದಿದ್ದರೆ ನಾನು ನಿವೃತ್ತಿಯವರೆಗೂ ಕಿಟಕಿಯಿಲ್ಲದ ಕೋಣೆಗೇ ಗಂಟು.

ಅಡುಗೆಮನೆಯಿಂದ ಗ್ಯಾರೇಜಿಗೆ ಇಳಿಯುವ ಸಣ್ಣ ಬಾಗಿಲಿನಲ್ಲಿ ನಿಂತು ರಿಮೋಟ್ ಒತ್ತಿದೆ. ಮತ್ತೆ ಒತ್ತಿದೆ. ಕೈ ಮೇಲೆತ್ತಿ ಒತ್ತಿದೆ, ಮೋಟಾರಿನ ಹತ್ತಿರ ಹೋಗಿ ಒತ್ತಿದೆ, ರಿಮೋಟನ್ನು ಅಂಗೈಗೆ ನಾಲ್ಕು ಬಾರಿಸಿ ಒತ್ತಿದೆ. ಬಾಗಿಲು ಹಂದಾಡಲಿಲ್ಲ.

"ರೀ, ಬಾಗಿಲು ತೆಗೀತಿಲ್ಲ!" ಎಂದು ಕೂಗಿದೆ.

ಮೇಷ್ಟ್ರು ಎಷ್ಟು ಬೇಗ ಬಂದರೆಂದರೆ, ಸ್ಪ್ಯಾನರ್ ಪೆಟ್ಟಿಗೆ ಆಗಲೇ ಅವರ ಕೈಯಲ್ಲಿತ್ತು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂರಲೇಬೇಕಾದ್ದರಿಂದ ಅವತ್ತು ಅವರು ಸ್ಕೂಲಿಗೆ ರಜೆ ಹಾಕಿದ್ದರು. ರಜೆಯ ದಿನ ಕೈಗೆ ಸಿಕ್ಕ ಕೆಟ್ಟ ಬಾಗಿಲು ಅವರಿಗೆ ಹಬ್ಬದೂಟ. ಅವರ ಹಿಂದೆ ಅತ್ತೆ ಕಾಫಿ ಲೋಟ ಹಿಡಿದು ಬಂದರು. ಅತ್ತೆಯ ಹಿಂದೆ ಮಾವ ತಮ್ಮ ಬೆತ್ತದ ಕುರ್ಚಿಯನ್ನು ಎತ್ತಿಕೊಂಡು ಬಂದು, ಬಾಗಿಲಿನ ಬಲಗಡೆಯ ಕಂಬಿಗೆ ಬೆನ್ನು ಕೊಟ್ಟು ಹಾಕಿಕೊಂಡು ಕುಳಿತರು.

ನಮ್ಮ ಮಾವ ಬದುಕಿನ ಬಹುಭಾಗವನ್ನು ಜೈಲಿನಲ್ಲಿ ಕಳೆದವರು. ಗಾಬರಿಯಾಗಬೇಡಿ, ಸರಳುಗಳ ಈಚೆ ಕಡೆ, ಕೀಗೊಂಚಲು ಹಿಡಿದುಕೊಂಡು. ವಾರ್ಡರ್ ಕೆಲಸದಿಂದ ಅವರು ನಿವೃತ್ತರಾದರೂ ಬಾಗಿಲುಗಳ ಮೇಲಿನ ಅವರ ಗುಮಾನಿ ನಿವೃತ್ತವಾಗಿಲ್ಲ. ಬಚ್ಚಲುಮನೆಗೆ ಹೋದವರು ಬರುವುದು ಸ್ವಲ್ಪ ತಡವಾದರೆ ಹೊರಗೆ ನಿಂತು ಹಾಜರಿ ಕೂಗುತ್ತಾರೆ.

ನರ್ಸ್ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ರೋಗಿಯನ್ನು ಮುಟ್ಟುವ ಮೊದಲು ಕೇಳಬೇಕು. ಹೊಟ್ಟೆನೋವೆಂದು ಬಂದವರಿಗೆ ಕೊನೆಗೆ ತಿಂದದ್ದೇನು ಅಂತ. ಕೀವು ತುಂಬಿಕೊಂಡು ಬಂದವರಿಗೆ ಕಟ್ಟನ್ನು ಕೊನೆಗೆ ಬಿಚ್ಚಿದ್ದು ಯಾರು ಅಂತ. ಮುಕ್ಕಾಲು ಪಾಲು ಕಾಯಿಲೆ ಆ ಉತ್ತರದಲ್ಲೇ ಇರುತ್ತದೆ. ಹಾಗಾಗಿ ಕೇಳಿದೆ.

"ಈ ಬಾಗಿಲನ್ನ ಕೊನೆಯ ಸಲ ಮುಟ್ಟಿದ್ದು ಯಾರು?"

ಮೂವರೂ ಏಕಕಾಲಕ್ಕೆ ಬೇರೆ ಬೇರೆ ಕಡೆ ನೋಡಿದರು. ಮೇಷ್ಟ್ರು ಮೋಟಾರನ್ನು, ಅತ್ತೆ ಕಾಫಿಯನ್ನು, ಮಾವ ತಮ್ಮ ಚಪ್ಪಲಿಯನ್ನು.

"ಮುಟ್ಟೋದರಿಂದ ಏನೂ ಕೆಡಲ್ಲ ಕಣೇ," ಎಂದರು ಮೇಷ್ಟ್ರು. "ಮೊದ್ಲು ತತ್ವ ಅರ್ಥ ಮಾಡ್ಕೋ. ರಿಮೋಟಿಂದ ಹೊರಡೋದು ರೇಡಿಯೋ ತರಂಗ. ಈಗ ಆ ತರಂಗಕ್ಕೆ ಎದುರಿಗೆ ಲೋಹ ಇದ್ರೆ..."

"ಲೋಹ ನಿನ್ನೆನೂ ಇತ್ತಲ್ರೀ."

"ನಿನ್ನೆ ವಾತಾವರಣ ಬೇರೆ."

ವಾತಾವರಣ ನಿನ್ನೆಯೂ ಹೀಗೇ ಇತ್ತು. ಹೇಳಿ ಪ್ರಯೋಜನವಿರಲಿಲ್ಲ. ಬಾಗಿಲು ಕೂರಿಸಿದ್ದ ಅಂಗಡಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಮೇಲೆ ಯಾರನ್ನಾದರೂ ಕಳಿಸುತ್ತೇವೆ ಎಂದರು. ಅಷ್ಟರಲ್ಲಿ ಮೇಷ್ಟ್ರು ಸ್ಟೂಲು ಹತ್ತಿ ಮೋಟಾರಿನ ಮುಚ್ಚಳಕ್ಕೆ ಕೈ ಹಾಕಿದ್ದರು. ಅತ್ತೆ ನನ್ನ ಪಕ್ಕಕ್ಕೆ ಬಂದು, "ಬಿಡು ಅತ್ಲಾಗೆ. ಇವತ್ತು ಹೋಗ್ದಿದ್ರೆ ಇನ್ನೊಂದ್ಸಲ ಹೋದ್ರಾಯ್ತು. ಆಗೋದೆಲ್ಲ ಒಳ್ಳೇದಕ್ಕೇ" ಎಂದು ಸಮಾಧಾನ ಮಾಡಿದರು. ನನ್ನ ಅತ್ತೆ ನನ್ನನ್ನು ಸಮಾಧಾನ ಮಾಡುವುದು ಅಪರೂಪ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

"ಬಾಗಿಲು ಅಂದ್ರೆ ಮುಚ್ಚಿರೋಕೇ ಅಲ್ವೇನಮ್ಮಾ ಇರೋದು?" ಎಂದರು ಮಾವ, ಕುರ್ಚಿಯಿಂದ ಏಳದೆಯೇ. "ತೆಗೆಯೋದಾದ್ರೆ ಗೋಡೇನೇ ಕಟ್ಬಾರ್ದಿತ್ತು."

ರೇಡಿಯೋ ತರಂಗದ ಪಾಠ ಮುಂದುವರಿದಿದ್ದಾಗ ನಾನು ಉಗುರಿನಿಂದ ರಿಮೋಟಿನ ಹಿಂಬದಿ ತೆರೆದೆ. ಒಳಗೆ ಬ್ಯಾಟರಿಯೇ ಇರಲಿಲ್ಲ. ಸತ್ತ ಬ್ಯಾಟರಿಯಲ್ಲ, ಹಳೆಯ ಬ್ಯಾಟರಿಯಲ್ಲ. ನಾಣ್ಯದಂಥ ಆ ಬಿಲ್ಲೆ ಕೂರುವ ಜಾಗ ಬಟಾಬಯಲು.

"ಇದರ ಬ್ಯಾಟರಿ ಎಲ್ಲಿ?"

"ಒಳಗೊಳಗೇ ಸವೆದು ಹೋಗಿರ್ಬೇಕು," ಎಂದರು ಅತ್ತೆ. "ಈಗಿನ ಸಾಮಾನೆಲ್ಲ ಹಂಗೇ."

ಬ್ಯಾಟರಿ ಸೋಪಲ್ಲ, ಸವೆಯಲು. ಆದರೆ ವಾದ ಮಾಡುವಷ್ಟು ಹೊತ್ತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ನಾನೇ ಅವರ ಬೆರಳು ಚುಚ್ಚಿ, ಒಂದು ಹನಿ ರಕ್ತ ತೆಗೆದು, ಕೈಯಗಲದ ಯಂತ್ರದಲ್ಲಿ ಶುಗರ್ ನೋಡಬೇಕು. ತಾವೇ ಚುಚ್ಚಿಕೊಳ್ಳಲು ಬರುವುದಿಲ್ಲವೆಂದಲ್ಲ. ನಾನು ಚುಚ್ಚಿದರೆ ಅಂಕಿ ಕಡಿಮೆ ಬರುತ್ತದೆಂದು ಅವರ ನಂಬಿಕೆ. ಪರೀಕ್ಷೆಯ ಗಡಿಬಿಡಿಯಲ್ಲಿ ಅವತ್ತು ಅದನ್ನು ಬಂದ ಮೇಲೆ ನೋಡೋಣ ಅಂದಿದ್ದೆ. ಆ ಯಂತ್ರಕ್ಕೂ ಇದೇ ಅಳತೆಯ ಬ್ಯಾಟರಿ. ಓಡಿಹೋಗಿ ಅದರಿಂದ ಕಿತ್ತು ತಂದು ರಿಮೋಟಿಗೆ ಹಾಕಿ ಒತ್ತಿದೆ.

ಮೋಟಾರು ಗುರ್ರೆಂದಿತು. ಮೇಷ್ಟ್ರು ಬೆಚ್ಚಿ ಸ್ಟೂಲಿನಿಂದ ಅರ್ಧ ಜಾರಿದರು. ಮೇಲಿನ ಹಳಿಯಲ್ಲಿ ಸರಪಳಿ ಈ ತುದಿಯಿಂದ ಆ ತುದಿಗೆ ಗಂಭೀರವಾಗಿ ಓಡಿಹೋಗಿ ನಿಂತಿತು. ಬಾಗಿಲು ಮಾತ್ರ ಇದು ತನಗೆ ಸಂಬಂಧಪಟ್ಟ ವಿಷಯವೇ ಅಲ್ಲ ಎನ್ನುವಂತೆ ಇದ್ದಲ್ಲೇ ಇತ್ತು.

"ಇದು ನಾನಲ್ಲಪ್ಪಾ!" ಎಂದು ಅತ್ತೆ ಕೂಗಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇಲ್ಲಿ ಕಳ್ಳ ಅಂತ ಯಾರೂ ಬಾಯೇ ಬಿಟ್ಟಿರಲಿಲ್ಲ. ನಾನು ನಿಧಾನಕ್ಕೆ ತಿರುಗಿದೆ.

"ಇದು ನೀವಲ್ಲ, ಸರಿ. ಹಾಗಾದ್ರೆ ನೀವು ಯಾವುದು ಅತ್ತೇ?"

ಅತ್ತೆ ಲೋಟ ಕೆಳಗಿಟ್ಟು, ಕರವಸ್ತ್ರದ ಗಂಟು ಬಿಚ್ಚಿದರು. ಬ್ಯಾಟರಿ ಅಲ್ಲಿ ಬೆಚ್ಚಗೆ ಕೂತಿತ್ತು.

"ಏನ್ ಮಾಡ್ಲಿ ಮತ್ತೆ?" ಅವರ ಧ್ವನಿ ಜಗಳಕ್ಕೆ ಬಂದವರಂತಿತ್ತು, ಕಣ್ಣು ಮಾತ್ರ ಹಾಗಿರಲಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ, ಊರೋರ ಬೆರಳೆಲ್ಲ ಚುಚ್ಚೋಕೆ ನೀನು ಬೆಳಗಾಗೆದ್ದು ಹೊರಟ್ರೆ ನನ್ನ ಬೆರಳು ಯಾರು ಚುಚ್ತಾರೆ? ಇವನಾ? ಇವನು ಮೊದ್ಲು ಸೂಜಿ ಬಗ್ಗೆ ಪಾಠ ಮಾಡ್ತಾನೆ."

"ಅಮ್ಮಾ!" ಎಂದು ಮೇಷ್ಟ್ರು ಮೇಲಿನಿಂದ ಗದರಿದರು. "ಅವಳ ಪರೀಕ್ಷೆ ದಿನ ಇಂಥ ಕೆಲಸ ಮಾಡ್ತಾರಾ ಯಾರಾದ್ರೂ? ನಾಚಿಕೆ ಆಗ್ಬೇಕು!"

ಗಂಡ ನನ್ನ ಪರವಾಗಿ ತಾಯಿಯ ಎದುರು ಬಾಯಿ ತೆರೆದ ಆ ಐತಿಹಾಸಿಕ ಕ್ಷಣವನ್ನು ಅನುಭವಿಸೋಣವೆಂದರೆ ಗಡಿಯಾರ ಬಿಡಲಿಲ್ಲ. ಅತ್ತೆಯೊಂದಿಗೆ ಲೆಕ್ಕ ಆಮೇಲೆ. ಮೋಟಾರು ತಿರುಗುತ್ತಿದೆ, ಬಾಗಿಲು ಏಳುತ್ತಿಲ್ಲ. ರೋಗಿಗೆ ನಾಡಿ ಬಂದಿದೆ, ಕೈಕಾಲು ಆಡುತ್ತಿಲ್ಲ.

"ಗೇರಿನ ಹಲ್ಲು ಸವೆದಿದೆ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ಮೋಟಾರು ಕೆಳಗಿಳಿಸಿ ಬಿಚ್ಬೇಕು. ಸಂಜೆ ಆಗುತ್ತೆ. ಏನ್ ಮಾಡೋಕಾಗುತ್ತೆ ಹೇಳು, ಲೋಹಕ್ಕೂ ಆಯಾಸ ಅನ್ನೋದು ಇರುತ್ತೆ."

ಲೋಹದ ಆಯಾಸದ ಬಗ್ಗೆ ಅವರು ಎಷ್ಟು ಮರುಕದಿಂದ ಮಾತಾಡಿದರೆಂದರೆ, ದಿನವಿಡೀ ನಿಂತು ಕೆಲಸ ಮಾಡಿ ಬಂದ ನನ್ನ ಕಾಲಿನ ಬಗ್ಗೆ ಹಾಗೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಅವರ ಮುಖ ನೋಡುವುದನ್ನು ಬಿಟ್ಟು ಹಳಿಯನ್ನು ನೋಡತೊಡಗಿದೆ. ಅಲ್ಲಿಂದ ಒಂದು ಕೆಂಪು ಹಗ್ಗ ಜೋತಾಡುತ್ತದೆ. ಬಾಗಿಲು ಕೂರಿಸಿದ ದಿನ ಅಂಗಡಿಯವನು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದ: ಕರೆಂಟ್ ಹೋದರೆ ಈ ಹಗ್ಗ ಎಳೆಯಿರಿ, ಮೋಟಾರಿಗೂ ಬಾಗಿಲಿಗೂ ಕೊಂಡಿ ಬಿಟ್ಟುಹೋಗುತ್ತದೆ, ಕೈಯಲ್ಲೇ ಬಾಗಿಲು ಎತ್ತಬಹುದು. ಮೇಷ್ಟ್ರು ಅದನ್ನು ಕೇಳಿಸಿಕೊಂಡು, ಅವನಿಗೇ ತಿರುಗಿ ವಿವರಿಸಿದ್ದರು. ಹಗ್ಗದ ಮೇಲಿರುವ ಪುಟ್ಟ ಹಿಡಿ ಯಾವಾಗಲೂ ಮೇಲ್ಮುಖವಾಗಿರುತ್ತದೆ. ಈಗ ಅದು ಕೆಳಕ್ಕೆ ಬಾಗಿತ್ತು. ಈಚಿನ ತಿಂಗಳುಗಳಲ್ಲಿ ಕರೆಂಟೇ ಹೋಗಿರಲಿಲ್ಲ.

"ಸ್ವಲ್ಪ ಇಳೀರಿ," ಎಂದೆ.

"ಯಾಕೆ? ಇದು ಹೆಂಗಸರು..."

"ಇಳೀರಿ."

ರಿಮೋಟ್ ಒತ್ತಿ ಸರಪಳಿಯನ್ನು ಮೊದಲಿನ ತುದಿಗೆ ತಂದೆ. ಸ್ಟೂಲು ಹತ್ತಿ ಹಿಡಿಯನ್ನು ಮೇಲಕ್ಕೆ ದೂಡಿ, ಕೊಂಡಿಯನ್ನು ಅದರ ಜಾಗಕ್ಕೆ ಕೂರಿಸಿದೆ. ಟಕ್ಕೆಂದು ಕಚ್ಚಿಕೊಂಡಿತು. ರಿಮೋಟ್ ಒತ್ತಿದೆ. ಈ ಸಲ ಸರಪಳಿ ಬಿಗಿಯಾಯಿತು, ಬಾಗಿಲು ನರಳುತ್ತಾ ಎರಡು ಬೆರಳಿನಷ್ಟು ಎದ್ದಿತು, ಬಲಗಡೆ ಏನಕ್ಕೋ ಸಿಕ್ಕಿಕೊಂಡಂತೆ ನಡುಗಿ ಮತ್ತೆ ಕೆಳಗೆ ಕೂತಿತು.

"ಅರೆ!" ಎಂದರು ಮೇಷ್ಟ್ರು, ನಿಜವಾದ ವಿಸ್ಮಯದಿಂದ. "ನಾನು ಹಗ್ಗ ಮಾತ್ರ ತಾನೇ ಎಳೆದಿದ್ದು?"

ಅತ್ತೆ ನಕ್ಕರು. ತಾಯಿಯಾದವಳು ಮಗ ಸಿಕ್ಕಿಬಿದ್ದಾಗ ನಗಬಾರದು, ಆದರೆ ನಕ್ಕರು. "ನಾಚಿಕೆ ಆಗ್ಬೇಕು" ಎಂಬ ಮಗನ ಮಾತನ್ನೇ ಮಗನ ಧಾಟಿಯಲ್ಲೇ ತಿರುಗಿಸಿ ಹೇಳಿದರು.

ನನಗೆ ನಗು ಬರಲಿಲ್ಲ. ಅತ್ತೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಮೇಷ್ಟ್ರಾದರೋ ಪರೀಕ್ಷೆಗೆ ನನ್ನ ಜೊತೆ ಬರಲೆಂದು ರಜೆ ಹಾಕಿದವರು.

"ಯಾಕೆ?" ಎಂದಷ್ಟೇ ಕೇಳಿದೆ.

ಮೇಷ್ಟ್ರು ಸ್ಪ್ಯಾನರನ್ನು ಕೈಯಲ್ಲಿ ತಿರುವುತ್ತಾ ನಿಂತರು. ಕೊನೆಗೆ, "ದಿನಾ ನಿನ್ನನ್ನ ಕ್ಲಿನಿಕ್ಕಿಗೆ ಬಿಡ್ತೀನಲ್ಲ, ಹೋಗ್ತಾ ಬರ್ತಾ ಅರ್ಧರ್ಧ ಗಂಟೆ..." ಎಂದು ನಿಲ್ಲಿಸಿದರು.

"ಹೂಂ?"

"ಆಗ ನಾನು ಮಾತಾಡ್ತೀನಿ. ನೀನು ಕೇಳ್ತೀಯ."

"ಕೇಳ್ದೆ ಏನ್ಮಾಡ್ಲಿ? ಓಡೋ ಕಾರಿಂದ ಹಾರೋಕಾಗುತ್ತಾ?"

"ಅದೇ," ಎಂದರು. "ಕ್ಲಾಸಲ್ಲಿ ಮಕ್ಕಳು ಕಿಟಕಿ ಹೊರಗೆ ನೋಡ್ತಾವೆ. ಸ್ಟಾಫ್ ರೂಮಲ್ಲಿ ನಾನು ಬಾಯಿ ತೆಗೆದ್ರೆ ಎಲ್ರಿಗೂ ಬೆಲ್ ಹೊಡೆದಂಗಾಗುತ್ತೆ. ಮನೇಲಿ ನೀನು ಎದ್ದು ಒಲೆ ಮುಂದೆ ಹೋಗ್ತೀಯ. ನೀನೇ ಕಾರು ಓಡಿಸ್ಕೊಂಡು ಹೋದ್ರೆ ನನ್ನ ಮಾತು ಕೇಳೋರು ಯಾರು?"

ಸಿಟ್ಟಿನ ಮಧ್ಯೆ ಪಾಪ ಅನ್ನಿಸಿಬಿಟ್ಟಿತು; ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕಾರಿನಲ್ಲಿ ನಾನು ಮನಸ್ಸಿನಲ್ಲೇ ತರಕಾರಿ ಪಟ್ಟಿ ಮಾಡುತ್ತಾ ಹೂಂಗುಟ್ಟುತ್ತಿದ್ದುದನ್ನು ಈ ಮನುಷ್ಯ ಕೇಳುವುದೆಂದು ತಿಳಿದು ಬದುಕಿದ್ದರು.

ಆದರೆ ಬಾಗಿಲಿನ್ನೂ ಮುಚ್ಚಿಯೇ ಇತ್ತು. ಅತ್ತೆ ಅಲ್ಲ, ಮೇಷ್ಟ್ರಲ್ಲ. ಬಲಗಡೆ ಏನೋ ತಡೆದಿತ್ತು. ಬಲಗಡೆ ಬೆತ್ತದ ಕುರ್ಚಿಯಿತ್ತು. ಕುರ್ಚಿಯಲ್ಲಿ ಮಾವ ಇದ್ದರು. ಇಷ್ಟು ರಾದ್ಧಾಂತ ಆಗುವಾಗ ಅವರೊಬ್ಬರು ಮಾತ್ರ ಬೆರಗಾಗಿರಲಿಲ್ಲ, ಎದ್ದೂ ಇರಲಿಲ್ಲ.

"ಮಾವ, ಸ್ವಲ್ಪ ಏಳ್ತೀರಾ?"

"ಯಾಕಮ್ಮಾ? ಇಲ್ಲಿ ಗಾಳಿ ಚೆನ್ನಾಗಿದೆ."

"ಮುಚ್ಚಿದ ಗ್ಯಾರೇಜಲ್ಲಿ ಎಲ್ಲಿಂದ ಬಂತು ಮಾವ ಗಾಳಿ?"

ಮಾವ ಎದ್ದರು, ಡ್ಯೂಟಿ ಮುಗಿಸಿ ಚಾರ್ಜು ವಹಿಸಿಕೊಡುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು. ಕುರ್ಚಿ ಸರಿಸಿದೆ. ಬಾಗಿಲಿನ ಬುಡದಲ್ಲಿ ಹಳೆಯ ಕಬ್ಬಿಣದ ಚಿಲಕ, ನಾವ್ಯಾರೂ ಬಳಸದೆ ತುಕ್ಕು ಹಿಡಿದದ್ದು, ಈಗ ಕಂಬಿಯ ತೂತಿನೊಳಗೆ ಪೂರ್ತಿ ಇಳಿದಿತ್ತು. ತುಕ್ಕು ಕೆರೆದು, ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಲಾಗಿತ್ತು. ಕಸುಬುದಾರರ ಕೆಲಸವೇ ಬೇರೆ.

"ಇವರಿಬ್ಬರೂ ಆಗಲೇ ಬಾಗಿಲು ಬಂದ್ ಮಾಡಿದ್ದಾರೆ ಅಂತ ಗೊತ್ತಿದ್ರೆ ನಾನ್ಯಾಕೆ ಸೊಂಟ ಬಗ್ಗಿಸ್ತಿದ್ದೆ?" ಎಂದು ಮಾವ ಗೊಣಗಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಅಷ್ಟು ವರ್ಷ ನೋಡಿದ್ದೀನಮ್ಮಾ. ಒಳಗಿದ್ದವರಿಗೆ ಏನೂ ಆಗಲ್ಲ. ಆಗೋದೆಲ್ಲ ಹೊರಗೆ ಹೋದವರಿಗೇ. ರಸ್ತೆಲಿ ಎದುರಿಂದ ಬರೋರಿಗೆ ಕಣ್ಣಿರಲ್ಲ. ನೀನು ಹುಷಾರಾಗೇ ಓಡಿಸ್ತೀಯ, ನಂಗೊತ್ತು. ಅವರು?"

ನಾನು ಆಗ ಆಡಿದ ಮಾತುಗಳನ್ನೆಲ್ಲ ಬರೆದರೆ ಕಾಗದ ಸುಡುತ್ತದೆ. ಒಬ್ಬರಿಗೆ ಬೆರಳು ಚುಚ್ಚಲು ನಾನು ಬೇಕು, ಒಬ್ಬರಿಗೆ ಹೂಂಗುಟ್ಟಲು ಬೇಕು, ಒಬ್ಬರಿಗೆ ಹಾಜರಿ ಕೂಗಲು ಬೇಕು, ಇಷ್ಟು ಬೇಕಾದವಳಿಗೆ ಏನು ಬೇಕೆಂದು ಈ ಮನೆಯಲ್ಲಿ ಯಾರಾದರೂ ಕೇಳಿದ್ದೀರಾ ಎಂದೆ. ಪ್ರೀತಿ ತೋರಿಸುವವರು ಬಾಯಲ್ಲಿ ತೋರಿಸಿ, ಕಬ್ಬಿಣದಲ್ಲಿ ತೋರಿಸಬೇಡಿ ಎಂದೆ. ಮೂವರೂ ತಲೆ ತಗ್ಗಿಸಿ ನಿಂತರು. ಬೈದು ಬೈದು ನನಗೆ ಬಾಯಾರಿಕೆಯಾಯಿತು. ಅತ್ತೆ ತಣ್ಣಗಾದ ಕಾಫಿ ಲೋಟವನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಕುಡಿದೆ.

ಚಿಲಕ ಎತ್ತಿ ರಿಮೋಟ್ ಒತ್ತಿದೆ. ಬಾಗಿಲು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಎದ್ದಿತು. ಬಿಸಿಲು ಕಾರಿನ ಮೂತಿಯವರೆಗೆ ಬಂತು, ಎದುರಿಗೆ ರಸ್ತೆ ಕಂಡಿತು. ಇನ್ನೂ ಹೊತ್ತಿತ್ತು; ಈಗಲೇ ಹೊರಟರೆ ಪರೀಕ್ಷೆಗೆ ಮುಟ್ಟಬಹುದು. ಕಾರಿನ ಕೀಗೆಂದು ಅಡುಗೆಮನೆಯ ಮೊಳೆಗೆ ಕೈ ಹಾಕಿದೆ.

ಮೊಳೆ ಖಾಲಿಯಾಗಿತ್ತು.

"ಸಾಕು ಇನ್ನು!" ಎಂದು ಕಿರುಚಿದೆ. "ಕೀ ಯಾರು ತೆಗೆದಿದ್ದು? ನಾಟಕ ಬೇಡ, ಕೊಡಿ ಈಚೆಗೆ."

"ನನ್ನಾಣೆ ನಾನಲ್ಲ," ಎಂದರು ಮೇಷ್ಟ್ರು. "ನಾನು ಕೀ ಕಡೆ ಕಣ್ಣೆತ್ತಿಯೂ ನೋಡಿಲ್ಲ," ಎಂದರು ಅತ್ತೆ. ಮಾವ ಎರಡೂ ಜೇಬನ್ನು ಹೊರಗೆ ಎಳೆದು ತೋರಿಸಿದರು. ಕೈದಿಗಳ ಕೈಲಿ ಮಾಡಿಸಿ ಅಭ್ಯಾಸ. ಮೂವರ ಮುಖದಲ್ಲೂ ಅಪರೂಪಕ್ಕೆ ಒಂದೇ ಭಾವವಿತ್ತು, ಮಾಡದ ತಪ್ಪಿಗೆ ಬೈಸಿಕೊಂಡವರದ್ದು. ನಾನು ನಂಬಲಿಲ್ಲ. ಡ್ರಾಯರುಗಳನ್ನು ಎಳೆದು ಹಾಕಿದೆ, ಸ್ಪ್ಯಾನರ್ ಪೆಟ್ಟಿಗೆಯನ್ನು ನೆಲಕ್ಕೆ ಸುರಿದೆ, ಅತ್ತೆಯ ಕರವಸ್ತ್ರವನ್ನು ಕೊಡವಿದೆ.

ಅತ್ತೆ ಕೊಡವಿದ ಕರವಸ್ತ್ರವನ್ನು ಮಡಿಸಿಕೊಳ್ಳುತ್ತಾ, ಥೇಟ್ ನನ್ನ ಧ್ವನಿಯಲ್ಲಿ ಕೇಳಿದರು.

"ಕೀನ ಕೊನೆಯ ಸಲ ಮುಟ್ಟಿದ್ದು ಯಾರು?"

ನನ್ನ ಕಣ್ಣು ನರ್ಸಿನ ಬ್ಯಾಗಿನ ಕಡೆ ಹೋಯಿತು.

ಹಿಂದಿನ ದಿನ ಸಂಜೆ ಕಾರು ಓಡಿಸಿ ಅಭ್ಯಾಸ ಮಾಡಿ ಒಳಗೆ ನಿಲ್ಲಿಸಿದವಳು ನಾನೇ. ಕೀಯನ್ನು ಮೊಳೆಗೆ ಹಾಕಲಿಲ್ಲ. ಮೇಷ್ಟ್ರು ಬೆಳಿಗ್ಗೆ ಎದ್ದು ಕಾರು ತೆಗೆದುಕೊಂಡು ಎಲ್ಲಿಗಾದರೂ ಹೋದರೆ ಎಂದುಕೊಂಡು ನನ್ನ ನರ್ಸಿನ ಬ್ಯಾಗಿನಲ್ಲಿ, ಹತ್ತಿಯ ಸುರುಳಿಯ ಒಳಗೆ ತುರುಕಿ ಇಟ್ಟಿದ್ದೆ. ತಾ ಕಳ್ಳ, ಪರರ ನಂಬ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇಷ್ಟು ಹೊತ್ತು ಬಾಗಿಲಿನ ಜೊತೆ ಗುದ್ದಾಡಿದೆನಲ್ಲ, ಒಂದೇ ಒಂದು ಸಲ ಕೀ ಕೈಗೆ ತೆಗೆದುಕೊಳ್ಳಬೇಕೆಂದು ನನಗೆ ನೆನಪಾಗಲಿಲ್ಲ. ಬಾಗಿಲು ಮುಚ್ಚಿರುವಷ್ಟು ಹೊತ್ತು ಬೈಯಲು ಜನರಿದ್ದರು. ತೆರೆದ ಮೇಲೆ ಎದುರಿಗೆ ರಸ್ತೆ ಮಾತ್ರ ಇತ್ತು. ನನಗೂ ಹೆದರಿಕೆಯಾಗಿತ್ತು, ಮಾವನಿಗಿಂತ ಹೆಚ್ಚು.

ಬ್ಯಾಗಿನಿಂದ ಹತ್ತಿಯ ಸುರುಳಿ ತೆಗೆದು ಬಿಚ್ಚಿದೆ. ಕೀ ಠಣ್ಣೆಂದು ನೆಲಕ್ಕೆ ಬಿತ್ತು. ಮೂವರೂ ಅದನ್ನೇ ನೋಡಿದರು. ಇಂಥ ಸಂದರ್ಭ ಸಿಕ್ಕಿದ್ದರೆ ನಾನು ವಾರವಿಡೀ ಆಡಿಕೊಳ್ಳುತ್ತಿದ್ದೆ. ಮೇಷ್ಟ್ರು ನೆಲದ ಮೇಲಿನ ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.

ಅತ್ತೆ ಬಗ್ಗಿ ಕೀ ಎತ್ತಿ ನನ್ನ ಅಂಗೈಯಲ್ಲಿಟ್ಟು ಮುಚ್ಚಿದರು. "ಇಷ್ಟು ವರ್ಷಕ್ಕೆ ನೀನೂ ಪೂರ್ತಿ ನಮ್ಮನೆಯವಳೇ ಆದೆ ನೋಡು," ಎಂದರು. "ಹೋಗು ಈಗ. ಹೆದರ್ಕೊಂಡೇ ಹೋಗು, ಆದ್ರೆ ಹೋಗು."

ಮೇಷ್ಟ್ರು ಅಭ್ಯಾಸಬಲದಿಂದ ಕಾರಿನ ಬಲಗಡೆಯ ಬಾಗಿಲಿಗೆ ಹೋದರು. "ಆ ಕಡೆ," ಎಂದೆ. ಕಾರನ್ನು ಸುತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ಗೇಟು ದಾಟಿದೆವು, ಓಣಿ ದಾಟಿದೆವು, ಅಂಗಡಿ ಸಾಲಿನ ದೊಡ್ಡ ರಸ್ತೆಗೆ ಬಂದೆವು. ಅವರು ತುಟಿ ಬಿಚ್ಚಲಿಲ್ಲ. ಅದು ನನಗೆ ಎದುರಿಂದ ಬರುತ್ತಿದ್ದ ಲಾರಿಗಿಂತ ದಿಗಿಲು ಹುಟ್ಟಿಸಿತು.

"ರೀ, ಏನಾದ್ರೂ ಮಾತಾಡಿ. ನೀವು ಸುಮ್ನಿದ್ರೆ ಕಾರಲ್ಲೇ ಏನೋ ಕೆಟ್ಟಿದೆ ಅನ್ಸುತ್ತೆ."

"ತಿರುವಲ್ಲಿ ದೇಹ ಹೊರಗಡೆ ಯಾಕೆ ವಾಲುತ್ತೆ ಗೊತ್ತಾ?" ಎಂದರು ಸಣ್ಣ ಧ್ವನಿಯಲ್ಲಿ.

"ಗೊತ್ತಿಲ್ಲ. ಹೇಳಿ."

ಹೇಳಿದರು. ಕೈಯಲ್ಲಿ ಸ್ಟಿಯರಿಂಗ್ ಇದ್ದದ್ದರಿಂದ ತರಕಾರಿ ಪಟ್ಟಿ ಮಾಡಲು ಆಗಲಿಲ್ಲ. ಹಾಗಾಗಿ ಮದುವೆಯಾದ ಮೇಲೆ ಮೊದಲ ಸಲ ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡೆ. ಹೇಳಿದ್ದು ತಕ್ಕಮಟ್ಟಿಗೆ ಚೆನ್ನಾಗಿಯೇ ಇತ್ತು. ಅದನ್ನು ಅವರಿಗೆ ಹೇಳುವ ಅಗತ್ಯವಿಲ್ಲ.

ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ನಮಗಿಂತ ತಡವಾಗಿ ಬಂದರು. ಅಧಿಕಾರಿಗಳ ಈ ಒಂದು ಗುಣವನ್ನು ನಾನು ಇನ್ನು ಮುಂದೆ ದೂರುವುದಿಲ್ಲ. ಮೇಷ್ಟ್ರು ಇಳಿದರು, ಅವರ ಜಾಗದಲ್ಲಿ ಇನ್ಸ್‌ಪೆಕ್ಟರು ಕುಳಿತರು. ಒಂದು ಸಲ ಎಂಜಿನ್ ನಿಂತುಹೋಯಿತು. ಮತ್ತೆ ಶುರು ಮಾಡಿದೆ. ಕಂಬಗಳ ನಡುವೆ ಹಿಂದಕ್ಕೆ ತೆಗೆದು ನಿಲ್ಲಿಸು ಎಂದರು. ಕಂಬಕ್ಕೂ ಕಾರಿಗೂ ಒಂದು ಗೇಣು ಬಿಟ್ಟು ನಿಲ್ಲಿಸಿದೆ. ಅವರು ಸಹಿ ಹಾಕುತ್ತಾ, "ಪಾಸು. ಆದ್ರೆ ಕ್ಲಚ್ ಮೇಲೆ ಅಷ್ಟೊಂದು ಸಿಟ್ಟು ಯಾಕಮ್ಮಾ?" ಎಂದರು.

"ಅದು ಕ್ಲಚ್ ಮೇಲಿನ ಸಿಟ್ಟಲ್ಲ ಸಾರ್," ಎಂದೆ.

ವಾಪಸು ಬರುವಾಗ ಡಾಕ್ಟರಮ್ಮನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದು ಮೇಷ್ಟ್ರೇ. ಜೊತೆಗೆ ಗೇರಿನ ತತ್ವವನ್ನೂ ತಿಳಿಸಿದರು. ಮನೆಯ ಮುಂದೆ ಕಾರು ನಿಲ್ಲಿಸಿ ರಿಮೋಟ್ ಒತ್ತಿದೆ. ಮೋಟಾರು ಗುರ್ರೆಂದಿತು, ಬಾಗಿಲು ಎರಡು ಬೆರಳಿನಷ್ಟು ಎದ್ದು, ನಡುಗಿ, ಮತ್ತೆ ಕೂತಿತು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹಾರ್ನ್ ಒತ್ತಿದೆ.

"ಯಾರದು?" ಒಳಗಿನಿಂದ ಮಾವನ ಧ್ವನಿ.

"ನಾನು ಮಾವ."

"ಏನಾಯ್ತು?"

"ಪಾಸು."

ಚಿಲಕ ಎತ್ತಿದ ಸದ್ದಾಯಿತು. ಮತ್ತೆ ರಿಮೋಟ್ ಒತ್ತಿದೆ. ಬಾಗಿಲು ಮೇಲೇಳುತ್ತಾ ಹೋಯಿತು. ಮೊದಲು ಮಾವನ ಚಪ್ಪಲಿ ಕಂಡಿತು, ಕುರ್ಚಿಯ ಕಾಲು ಕಂಡಿತು, ಅದರ ಪಕ್ಕದಲ್ಲಿ ಅತ್ತೆಯ ಪಾದ. ಆಮೇಲೆ ಅವರ ಕೈಯಲ್ಲಿದ್ದ ಶುಗರ್ ಯಂತ್ರ. ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ ಬ್ಯಾಟರಿಯನ್ನು ತಾವೇ ಅದಕ್ಕೆ ಹಾಕಿಕೊಂಡಿದ್ದರು. ಇನ್ನೊಂದು ಕೈಯ ತೋರುಬೆರಳನ್ನು ನನ್ನ ಕಡೆಗೆ ನೆಟ್ಟಗೆ ಚಾಚಿಕೊಂಡು ನಿಂತಿದ್ದರು.

"ಮನೆಮನೆಗೆ ಹೋಗೋ ನರ್ಸಮ್ಮ," ಎಂದರು ಅತ್ತೆ. "ಮೊದಲನೇ ಮನೆ ಇದೇ ತಾನೇ?"

ನಾನು ಕಾರನ್ನು ಒಳಗೆ ನಿಲ್ಲಿಸಿ, ಕೀಯನ್ನು ಮೊಳೆಗೆ ಹಾಕಿ, ಕೈ ತೊಳೆದುಕೊಂಡು ಬಂದು ಸೂಜಿ ತೆಗೆದೆ.